ರಾಯಚೂರಿನ ಬಿಸಿಲಲ್ಲಿ ಒಂದು ವರ್ಷ ಓಡಿಸಿದ ಎಲೆಕ್ಟ್ರೋಸ್ಪಿನ್ನಿಂಗ್ ಮಷೀನು

ಕರಗಿಸಿದ ಪಾಲಿಮರನ್ನು ಹೈ ವೋಲ್ಟೇಜ್‌ನಿಂದ ಎಳೆದು ಅತಿ ಸಣ್ಣ ಎಳೆ ಮಾಡುವ ಈ ಮಷೀನು ನಮ್ಮ ಲ್ಯಾಬಿಗೆ ಬಂದು ಒಂದು ವರ್ಷವಾಯ್ತು. ಕಂಪನಿ ಹೆಸರು ಬೇಡ. ಬೆಲೆ 4 ಲಕ್ಷದ ಆಸುಪಾಸು, ಟೇಬಲ್ ಮೇಲೆ ಕೂರುವಷ್ಟು ಸಣ್ಣದು.

ಪಿಸಿಎಲ್ ಅನ್ನೋ ಪಾಲಿಮರನ್ನು (ಒಂದು ಬಗೆಯ ಪ್ಲಾಸ್ಟಿಕ್) ಕ್ಲೋರೋಫಾರ್ಮ್ ಮತ್ತು ಡಿಎಂಎಫ್ ಅನ್ನೋ ದ್ರಾವಕಗಳಲ್ಲಿ ಕರಗಿಸಿ ಸಿರಿಂಜಿಗೆ ತುಂಬುತ್ತೇವೆ. ಪಂಪು ಗಂಟೆಗೆ 1 ಎಂಎಲ್‌ನಂತೆ ತಳ್ಳುತ್ತದೆ. ಸೂಜಿಗೆ 15 ಕಿಲೋವೋಲ್ಟ್ ಕೊಟ್ಟರೆ ತುದಿಯ ಹನಿ ಚೂಪಾಗಿ, ಅಲ್ಲಿಂದ ಎಳೆ ಚಿಮ್ಮಿ, ಸುತ್ತಿ ಸುತ್ತಿ ಎದುರಿನ ಡ್ರಮ್ಮಿನ ಫಾಯಿಲ್ ಮೇಲೆ ಕೂರುತ್ತದೆ. ಕೂದಲಿಗಿಂತ ನೂರು ಪಟ್ಟು ಸಣ್ಣ ಎಳೆ, ಒಂದರ ಮೇಲೊಂದು ಕೂತು ಹಾಳೆಯಾಗುತ್ತದೆ. ಮನೆ ಕಟ್ಟುವಾಗ ಸಾರವೆ ಹಾಕ್ತಾರಲ್ಲ, ಹಾಗೆ ಈ ಹಾಳೆ ಹಿಡಿದು ಜೀವಕೋಶಗಳು ಬೆಳೆಯುತ್ತವೆ.

ಅಪ್ಪ ಜಿನ್ನಿಂಗ್ ಮಿಲ್ಲಿನಲ್ಲಿದ್ದವರು. ಹಾಳೆಯ ಒಂದು ಚೂರು ಕೊಟ್ಟೆ. ಹತ್ತಿ ನೋಡುವ ಹಾಗೇ ಎರಡೂ ಕೈಯಲ್ಲಿ ಹಿಡಿದು ಎಳೆದರು. "ಇದರ ಎಳಿ ಎಲ್ಲಿ ಮುಗೀತದವ್ವ?" ಅಂದರು. ಸಿರಿಂಜ್ ಖಾಲಿ ಆದಾಗ, ಅಂದೆ.

ಪಂಪು ಚೆನ್ನಾಗಿದೆ, ಒಮ್ಮೆಯೂ ತೊಂದರೆ ಕೊಟ್ಟಿಲ್ಲ. ಬಾಗಿಲು ತೆಗೆದರೆ ವೋಲ್ಟೇಜ್ ತಾನೇ ಬಂದ್ ಆಗುತ್ತದೆ, ಅದೂ ಒಳ್ಳೆಯದು.

ಗೋಳು ಶುರುವಾಗಿದ್ದು ಏಪ್ರಿಲ್‌ನಲ್ಲಿ. ಮ್ಯಾನುಯಲ್‌ನಲ್ಲಿ ರೂಮಿನ ಶಾಖ 25 ಡಿಗ್ರಿ ಇರಲಿ ಅಂತ ಬರೆದಿದ್ದಾರೆ. ಇಲ್ಲಿ ಬೆಳಗಿನ ಜಾವಕ್ಕೂ ಅಷ್ಟಕ್ಕಿಳಿಯಲ್ಲ! ಒಣ ಗಾಳಿಗೆ ಕ್ಲೋರೋಫಾರ್ಮ್ ಸೂಜಿಮೊನೆಯಲ್ಲೇ ಆರಿ, ಹನಿ ಮೇಲೆ ಹಾಲಿನ ಕೆನೆಯಂಥ ಪೊರೆ ಕಟ್ಟುತ್ತದೆ. ಹತ್ತು ನಿಮಿಷಕ್ಕೊಮ್ಮೆ ನಿಲ್ಲಿಸಿ ಒರೆಸಬೇಕು. ಡಿಎಂಎಫ್ ಬೇಗ ಆರಲ್ಲ, ಅದನ್ನು ಸ್ವಲ್ಪ ಜಾಸ್ತಿ ಮಾಡಿ, ಬೆಳಗ್ಗೆ 6ಕ್ಕೇ ಶುರು ಮಾಡಿದ ಮೇಲೆ ಕೆಲಸ ಸಾಗಿತು. ನೀವು ತಗೊಳ್ಳೋದಾದರೆ ಒಳಗಿನ ಶಾಖ, ತೇವ ಎರಡಕ್ಕೂ ಕಂಟ್ರೋಲ್ ಇರುವ ಮಾಡೆಲನ್ನೇ ಕೇಳಿ.

ಸರ್ವಿಸ್ ಮಾತ್ರ ಬೇಡಪ್ಪಾ ಬೇಡ. ಜುಲೈನಲ್ಲಿ ಎಳೆಗಳು ಡ್ರಮ್ ಬಿಟ್ಟು ಬಾಗಿಲ ಗಾಜಿಗೆ, ಪಂಪಿಗೆ, ಎಲ್ಲೆಂದರಲ್ಲಿ ಅಂಟತೊಡಗಿದವು. ಒಳಗೆಲ್ಲ ಜೇಡರ ಬಲೆ. ಇಂಜಿನಿಯರ್ ಬರೋಕೆ ಮೂರು ವಾರ. ಬಂದವರು ನಿಮ್ಮ ಕಟ್ಟಡದ ಅರ್ಥಿಂಗ್ ಸರಿಯಿಲ್ಲ ಅಂತ ಹೇಳಿ ಚಹಾ ಕುಡಿದು ಹೋದರು. ಆಮೇಲೆ ನಾನೇ ಮಲ್ಟಿಮೀಟರ್ ಹಿಡಿದು ನೋಡಿದರೆ, ಡ್ರಮ್ಮಿನ ಹಿಂದಿನ ಅರ್ಥ್ ವೈರೇ ಸಡಿಲ. ಒಂದು ಸ್ಕ್ರೂ ಕೆಲಸ ಅಷ್ಟೇ.

ಕ್ರಿಮಿ ಸಾಯಲಿ ಅಂತ ಹಾಳೆಯನ್ನು ಆಟೋಕ್ಲೇವ್‌ಗೆ (ಬಿಸಿ ಹಬೆಯಲ್ಲಿ ಕ್ರಿಮಿ ಕೊಲ್ಲುವ ಪಾತ್ರೆ) ಹಾಕಬೇಡಿ. ಪಿಸಿಎಲ್ 60 ಡಿಗ್ರಿಗೇ ಕರಗುತ್ತದೆ, ಆಟೋಕ್ಲೇವ್ 121ಕ್ಕೆ ಹೋಗುತ್ತದೆ. ನಮ್ಮ ಜೂನಿಯರ್ ಹಾಕಿದ್ದ, ಹೊರಗೆ ಬಂದಿದ್ದು ಮೇಣದ ಬಿಲ್ಲೆ. 70 ಪರ್ಸೆಂಟ್ ಎಥನಾಲಲ್ಲಿ ನೆನೆಸಿ ಯುವಿ ದೀಪದ ಕೆಳಗಿಟ್ಟರೆ ಸಾಕು.

ಹಾಂ, ಸೂಜಿ. ಕಂಪನಿಯ ಮೊಂಡು ಸೂಜಿ ವಿಪರೀತ ದುಬಾರಿ. ನಾನು ಮೆಡಿಕಲ್ ಶಾಪಿನ 22 ಗೇಜ್ ಸೂಜಿ ತಂದು, ಮೊನೆ ಕತ್ತರಿಸಿ, ಉಪ್ಪುಕಾಗದಕ್ಕೆ ತಿಕ್ಕಿ ಸಪಾಟು ಮಾಡಿಕೊಳ್ತೇನೆ. ಅಂಗಡಿಯವರು ಪ್ರತಿ ಸಲ "ಅಕ್ಕಾರ, ಇಷ್ಟೊಂದು ಸೂಜಿ ಯಾರಿಗ್ರಿ?" ಅಂತ ಕೇಳ್ತಾರೆ.