ಭಿನ್ನರಾಶಿ ಕಲಿಸಲು ರೊಟ್ಟಿಯೋ, ಕಾಗದದ ಪಟ್ಟಿಯೋ?

ಮೊದಲ ದಿನಕ್ಕೆ ರೊಟ್ಟಿಯೇ ಸೈ. ಅರ್ಧ, ಕಾಲು, ಮುಕ್ಕಾಲು ಎಂಬ ಮಾತುಗಳು ಮಗುವಿನ ಬಾಯಲ್ಲಿ ಆಗಲೇ ಇರುತ್ತವೆ. ಮುರಿದು ತೋರಿಸಿದರೆ ಸಾಕು. ಆದರೆ ದುಂಡಗಿನ ರೊಟ್ಟಿಯನ್ನು ಮೂರೋ ಐದೋ ಸಮಪಾಲು ಮಾಡುವುದು ದೊಡ್ಡವರಿಗೂ ಕಷ್ಟ. ಪಾಲು ಸಮವಿಲ್ಲದಿದ್ದರೆ ಭಿನ್ನರಾಶಿಯ ಬುಡವೇ ಅಲ್ಲಾಡುತ್ತದೆ.

ಅಲ್ಲಿಂದ ಮುಂದೆ ನನ್ನ ಆಯ್ಕೆ ಪಟ್ಟಿ. 24 ಸೆಂ.ಮೀ. ಉದ್ದದ ಕೆಲವು ಪಟ್ಟಿ ಕತ್ತರಿಸಿಕೊಳ್ಳಿ. ಮೂರರಲ್ಲಿ ಒಂದು ಪಾಲು 8 ಸೆಂ.ಮೀ., ನಾಲ್ಕರಲ್ಲಿ ಒಂದು ಪಾಲು 6 ಸೆಂ.ಮೀ. ಒಂದರ ಕೆಳಗೊಂದು ಇಟ್ಟು ನೋಡಲಿ. 3ಕ್ಕಿಂತ 4 ದೊಡ್ಡದು, ಹಾಗಾಗಿ 1/4 ದೊಡ್ಡದು ಎಂದುಕೊಂಡಿದ್ದ ಮಗು ತಾನಾಗಿಯೇ ತಿದ್ದಿಕೊಳ್ಳುತ್ತದೆ. 1/2, 2/4 ಒಂದೇ ಎಂಬುದು ಪಟ್ಟಿಯನ್ನು ಮಡಿಸಿದಾಗಲೇ ಕಾಣುತ್ತದೆ. ಮುಂದೆ ಸಂಖ್ಯಾರೇಖೆ ಬಂದಾಗಲೂ ಇದೇ ಪಟ್ಟಿಯನ್ನು ಗೆರೆಯ ಮೇಲಿಟ್ಟರಾಯಿತು.