ಸೊಂಟ ನೋವಿದ್ದವರಿಗೆ ಕ್ರೂಸರ್ ಒಳ್ಳೆಯದಾ, ನೇರ ಕೂರುವ ಬೈಕಾ?

ಸೊಂಟದಿಂದ ಶುರುವಾಗಿ ತೊಡೆಯ ಹಿಂದೆ ಇಳಿದು ಮೀನಖಂಡದವರೆಗೆ ಚುಳುಕ್ ಅನ್ನುವ ನೋವೇ ಸಯಾಟಿಕಾ. ಇದಿರುವವರು ಬೈಕ್ ಬದಲಿಸುವಾಗ ಮೊದಲು ಕ್ರೂಸರ್, ಅಂದರೆ ತಗ್ಗು ಸೀಟಿನ, ಕಾಲು ಮುಂದೆ ಚಾಚಿ ಕೂರುವ ಬೈಕ್ ನೋಡುತ್ತಾರೆ. ರಾಯಲ್ ಎನ್‌ಫೀಲ್ಡ್‌ನ ಕ್ರೂಸರ್ ಮೀಟಿಯೋರ್ 350ರ ಸೀಟು ನೆಲದಿಂದ 765 ಮಿ.ಮೀ. ಅಷ್ಟೇ. ಹತ್ತಿ ಇಳಿಯೋಕೆ, ಸಿಗ್ನಲ್‌ನಲ್ಲಿ ಕಾಲೂರೋಕೆ ಸುಲಭ, ನಿಜ.

ಆದರೆ ಹಂಪ್ ಬಂದಾಗ? ಕಾಲು ಮುಂದೆ ಚಾಚಿರುವುದರಿಂದ ಫುಟ್‌ರೆಸ್ಟ್ ಮೇಲೆ ಭಾರ ಹಾಕಿ ಏಳುವುದು ಕಷ್ಟ. ಹೊಡೆತ ನೇರವಾಗಿ ಬೆನ್ನುಮೂಳೆಯ ಬುಡಕ್ಕೆ. ನೇರ ಕೂರುವ ಸ್ಪ್ಲೆಂಡರ್, ಹಿಮಾಲಯನ್ ಥರದ ಬೈಕ್‌ಗಳಲ್ಲಿ ಪಾದ ದೇಹದ ಕೆಳಗೇ ಇರುತ್ತದೆ. ಹಂಪ್‌ಗೆ ಮುಂಚೆ ಸೀಟಿನಿಂದ ಎರಡು ಬೆರಳಷ್ಟು ಎದ್ದರೆ ಸಾಕು, ಒಂದಷ್ಟು ಹೊಡೆತ ಮೊಣಕಾಲುಗಳೇ ನುಂಗುತ್ತವೆ. ನಮ್ಮ ರಸ್ತೆಗಳಿಗೆ ನನ್ನ ಆಯ್ಕೆ ಇದೇ. ನುಣುಪಾದ ಹೈವೇ ಮಾತ್ರ ಅಂದರೆ ಕ್ರೂಸರ್ ಆಗಬಹುದು.

ತೂಕವನ್ನೂ ಮರೆಯಬೇಡಿ. ಮೀಟಿಯೋರ್‌ನಂಥ ಸುಮಾರು 190 ಕೆ.ಜಿ. ಗಾಡಿಯನ್ನು ಪಾರ್ಕಿಂಗ್‌ನಿಂದ ಸೊಂಟ ತಿರುಚಿ ಹಿಂದಕ್ಕೆ ಎಳೆಯುವಾಗಲೇ ಎಷ್ಟೋ ಜನರಿಗೆ ನೋವು ಹಿಡಿಯುತ್ತದೆ. ಇಲ್ಲಿ ಸ್ಪ್ಲೆಂಡರ್‌ನಂಥ ಹಗುರ ಬೈಕೇ ಮೇಲು.

ಮುಂದೆ ಬಾಗಿ ಓಡಿಸುವ ಸ್ಪೋರ್ಟ್ಸ್ ಬೈಕ್ ಬೇಡ ಅನ್ನೋಣ ಅಂದರೆ, ಬೆನ್ನುಹುರಿಯ ದಾರಿ ಕಿರಿದಾಗಿರುವ ಕೆಲವರಿಗೆ ಸ್ವಲ್ಪ ಮುಂದೆ ಬಾಗಿದರೇ ಹಾಯೆನಿಸುತ್ತದೆ. ಹಾಗಾಗಿ ನೋವಿನ ಕಾರಣ ಡಾಕ್ಟರ್ ಹತ್ತಿರ ತಿಳಿದುಕೊಂಡು, ಅರ್ಧ ಗಂಟೆ ಓಡಿಸಿ ನೋಡಿಯೇ ದುಡ್ಡು ಕೊಡಿ. ಹಿಂದಿನ ಜೇಬಿನ ಪರ್ಸ್ ತೆಗೆದಿಟ್ಟು ಕೂರಿ, ಅದು ಸಯಾಟಿಕಾ ನೋವು ಹರಿಯುವ ನರವನ್ನೇ ಒತ್ತಬಹುದು.

ಎರಡೂ ತೊಡೆಗಳ ಮಧ್ಯೆ ಮರಗಟ್ಟಿದರೆ, ಮೂತ್ರದ ಹಿಡಿತ ತಪ್ಪಿದರೆ ಬೈಕ್ ಮಾತು ಬಿಡಿ, ಆ ಕ್ಷಣವೇ ಆಸ್ಪತ್ರೆಗೆ ಹೋಗಿ.