ಫೋಟೊ ಸಂಗ್ರಹಕ್ಕೆ ಫೋಲ್ಡರು, ಡಿಜಿಕ್ಯಾಮ್, ಗೂಗಲ್ ಫೋಟೋಸ್: ಒಂದು ಹೋಲಿಕೆ

ನಂದಿಬೆಟ್ಟದ ಮಂಜನ್ನೂ ಭೋಗನಂದೀಶ್ವರ ದೇವಾಲಯದ ಕಂಬಗಳನ್ನೂ ವರ್ಷಗಟ್ಟಲೆ ಸೆರೆಹಿಡಿದಿರುವ ಚಿಕ್ಕಬಳ್ಳಾಪುರದ ಓದುಗರೊಬ್ಬರು ಚಿತ್ರಗಳನ್ನಿಡಲು ಬರೀ ಫೋಲ್ಡರು, ಡಿಜಿಕ್ಯಾಮ್ (ಕಂಪ್ಯೂಟರಿನಲ್ಲಿ ಚಿತ್ರಗಳನ್ನು ಜೋಡಿಸಿಡುವ ತಂತ್ರಾಂಶ), ಗೂಗಲ್ ಫೋಟೋಸ್ ಈ ಮೂರರಲ್ಲಿ ಯಾವುದು ಸೂಕ್ತವೆಂದು ಕೇಳಿದ್ದಾರೆ. ಖರ್ಚಿನ ಲೆಕ್ಕದಲ್ಲಿ ಮೊದಲೆರಡೂ ಉಚಿತ. ಗೂಗಲ್‌ನ ಉಚಿತ 15 ಜಿಬಿಯನ್ನು ಜಿಮೇಲ್, ಡ್ರೈವ್‌ಗಳೂ ಹಂಚಿಕೊಳ್ಳುತ್ತವೆ. ಹುಡುಕಾಟದಲ್ಲಿ ಮಾತ್ರ ಗೂಗಲ್ಲೇ ಸಲೀಸು.

ನನಗೆ ಹೆಚ್ಚು ಮುಖ್ಯವೆನಿಸುವುದು ಬಾಳಿಕೆ. ‘2024-02-11_ನಂದಿ_ಕಲ್ಯಾಣಿ’ ಎಂಬ ಫೋಲ್ಡರು ಯಾವ ಕಂಪ್ಯೂಟರಿನಲ್ಲೂ ದಿನಾಂಕದ ಸಾಲಿನಲ್ಲೇ ನಿಲ್ಲುತ್ತದೆ, ಆದರೆ ಒಂದೇ ಚಿತ್ರವನ್ನು ‘ಕಂಬ’, ‘ಜಾತ್ರೆ’ ಎರಡರಡಿಯಲ್ಲೂ ಇಡಬೇಕಾದರೆ ನಕಲು ಮಾಡಬೇಕಾಗುತ್ತದೆ. ಡಿಜಿಕ್ಯಾಮ್‌ನಲ್ಲಿ ಎರಡೂ ಟ್ಯಾಗ್‌ಗಳನ್ನು ಹಚ್ಚಬಹುದು. ಮೆಟಾಡೇಟಾ (ಚಿತ್ರದ ಕುರಿತ ಮಾಹಿತಿ) ಬರೆಯುವ ಆಯ್ಕೆಯನ್ನು ಮೊದಲೇ ಗುರುತುಹಾಕಿದರೆ ಅವು ಜೆಪಿಇಜಿ ಕಡತದೊಳಗೇ ಉಳಿಯುತ್ತವೆ.

ಕೆಲವು ನೂರು ಚಿತ್ರಗಳಿದ್ದರೆ ಫೋಲ್ಡರು ಸಾಕು. ಮೊಬೈಲಿನಲ್ಲೇ ತೆಗೆದು ಮನೆಯವರೊಡನೆ ಹಂಚಿಕೊಳ್ಳುವವರಿಗೆ ಗೂಗಲ್ ಒಪ್ಪುತ್ತದೆ. ಸಾವಿರಗಟ್ಟಲೆ ಚಿತ್ರಗಳಿಗೆ ಟ್ಯಾಗ್ ಹಚ್ಚುವ ತಾಳ್ಮೆಯುಳ್ಳವರು ಡಿಜಿಕ್ಯಾಮ್ ಜೊತೆಗೆ ನಕಲು ಪ್ರತಿಗಾಗಿ ಎರಡನೆಯ ಹಾರ್ಡ್‌ಡಿಸ್ಕನ್ನೂ ಇಟ್ಟುಕೊಳ್ಳಲಿ.